ಸೆಲ್ಫ್ ಹುಡುಕಿಕೊಂಡು ಸಂಡೂರು, ಕಂಪ್ಲಿ

ಹೊಸಪೇಟೆಯ ನಮ್ಮ ಮನೆಯ ಮುಂದಿನ ರಸ್ತೆ ಸ್ವಲ್ಪ ಇಳಿಜಾರು. ಅಪ್ಪ ತಮ್ಮ ಅಂಬಾಸಿಡರ್ ಕಾರನ್ನು ಯಾವತ್ತೂ ಆ ಇಳಿಜಾರಿನಲ್ಲೇ, ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದರು. ಪಕ್ಕದಲ್ಲೇ ಶೆಡ್ ಖಾಲಿ ಇದ್ದರೂ ಅಷ್ಟೇ. ಬಿಸಿಲಿಗೆ ಬಣ್ಣ ಹೋಗುತ್ತೆ ಅಂತ ನಾವು ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಮಾಸ್ತರಿಕೆ ಮಾಡಿ ನಿವೃತ್ತರಾದವರು, ಒಂದು ಹಟ ಹಿಡಿದರೆ ಬಿಡುವವರಲ್ಲ ಎಂದು ಸುಮ್ಮನಾಗಿದ್ದೆವು. ಅದು ಹಟವಲ್ಲ, ಅದಕ್ಕೊಂದು ಕಾರಣವಿತ್ತು ಎಂದು ಗೊತ್ತಾಗಲು ನಾನು ಒಂದು ಗೋಣಿಚೀಲ ಹಿಡಿದುಕೊಂಡು ಸಂಡೂರಿನವರೆಗೆ ಹೋಗಬೇಕಾಯಿತು.

ಕಾರು 1973ರದ್ದು, ಮಾರ್ಕ್ 2. ಸಂಡೂರಿನ ಗಣಿಯಲ್ಲಿದ್ದ ಅಧಿಕಾರಿಯೊಬ್ಬರಿಂದ ಅಪ್ಪ 1986ರಲ್ಲಿ ಸೆಕೆಂಡ್ ಹ್ಯಾಂಡಿಗೆ ಕೊಂಡಿದ್ದು. ನಾನು, ತಮ್ಮ ಇಬ್ಬರೂ ಅದರ ಹಿಂದಿನ ಸೀಟಿನಲ್ಲೇ ಬೆಳೆದವರು. ಮೂರು ವರ್ಷದ ಹಿಂದೆ ಕಣ್ಣಿನ ಆಪರೇಷನ್ ಆದ ಮೇಲೆ ಅಪ್ಪ ಓಡಿಸುವುದನ್ನು ಬಿಟ್ಟರು. ಕಾರು ಶೆಡ್ ಸೇರಿತು. ತಿಂಗಳಿಗೊಮ್ಮೆ ತಮ್ಮ ಬಂದು ಸ್ಟಾರ್ಟ್ ಮಾಡಲು ನೋಡುವುದು, ಅದು ಒಮ್ಮೆ ಆಗುವುದು, ನಾಲ್ಕು ಸಲ 'ಕರ್ರ್' ಎಂದು ಹಲ್ಲು ಕಡಿಯುವುದು, ಕೊನೆಗೆ ಅದೂ ನಿಂತುಹೋಯಿತು.

2024ರ ಡಿಸೆಂಬರಿನಲ್ಲಿ ಈ ಕಾರು ಮತ್ತೆ ಬೇಕಾಗಿದ್ದು ಅಪ್ಪನಿಗಲ್ಲ, ಅವ್ವನಿಗೆ. ಅವ್ವನ ಎರಡೂ ಮೊಣಕಾಲು ಸವೆದಿವೆ. ತಮ್ಮನ ದೊಡ್ಡ ಗಾಡಿ ಹತ್ತಬೇಕಾದರೆ ಸ್ಟೂಲ್ ಇಡಬೇಕು, ಎರಡೂ ಕಡೆ ಇಬ್ಬರು ಹಿಡಿಯಬೇಕು. ನನ್ನ ಸಣ್ಣ ಕಾರಿನಲ್ಲಿ ಕೂತರೆ ಏಳುವುದು ಕಷ್ಟ, ಬಾವಿಯಿಂದ ಎತ್ತಿದ ಹಾಗೆ ಎತ್ತಬೇಕು. ಅಂಬಾಸಿಡರ್ ಹಾಗಲ್ಲ. ಬಾಗಿಲು ಅಗಲ, ಸೀಟು ಮನೆಯ ಕುರ್ಚಿಯಷ್ಟೇ ಎತ್ತರ. ಮೊದಲು ಕೂತು, ಆಮೇಲೆ ಕಾಲು ಒಳಗೆ ತಗೊಂಡರೆ ಆಯಿತು. "ಹಂಪಿ ಫಲಪೂಜಿಗೆ ಹೋಗಬೇಕು. ನಮ್ಮ ಗಾಡಿ ಇದ್ರ ಬರ್ತೀನಿ, ಇಲ್ಲಂದ್ರ ಮನ್ಯಾಗ ಕೈ ಮುಗೀತೀನಿ" ಎಂದು ಅವ್ವ ಫೋನಿನಲ್ಲಿ ಹೇಳಿಬಿಟ್ಟಳು. ಫಲಪೂಜೆ ಅಂದರೆ ಪಂಪಾದೇವಿಗೂ ವಿರೂಪಾಕ್ಷನಿಗೂ ನಡೆಯುವ ನಿಶ್ಚಿತಾರ್ಥ. ನಮ್ಮ ಕಡೆಯವರಿಗೆ ಅದು ಮನೆಯ ಕಾರ್ಯವಿದ್ದ ಹಾಗೆ. ಬೆಂಗಳೂರಿನಿಂದ ಹತ್ತು ದಿನ ರಜೆ ಹಾಕಿ ಬಂದೆ.

ಒಬ್ಬ ಹುಡುಗ ಮೆಕ್ಯಾನಿಕ್ಕನ್ನು ಕರೆಸಿದೆವು. ಹೊಸ ಬ್ಯಾಟರಿ ಹಾಕಿ ಕೀಲಿ ತಿರುವಿದ. ಕರ್ರ್. ಮತ್ತೆ ಕರ್ರ್. ಹ್ಯಾಂಡಲ್ ಹೊಡೆದು ಸ್ಟಾರ್ಟ್ ಮಾಡಿ ರಸ್ತೆಗೆ ಇಳಿಸಿದ. ಸೆಕೆಂಡ್ ಗೇರ್ ಹಾಕಿ ಎಕ್ಸಲೇಟರ್ ಬಿಟ್ಟರೆ ಲಿವರ್ ತಾನಾಗಿ ಜಿಗಿದು ನ್ಯೂಟ್ರಲ್‌ಗೆ ಬರುತ್ತಿತ್ತು. ವಾಪಸ್ ತಂದು ನಿಲ್ಲಿಸಿ ಹೇಳಿದ: "ಅಕ್ಕಾ, ಸೆಲ್ಫ್ ಹೋಗೈತಿ, ಗೇರ್ ಬಾಕ್ಸೂ ಹೋಗೈತಿ. ಇದರ ಸಾಮಾನು ಎಲ್ಲೂ ಸಿಗಂಗಿಲ್ಲ. ಇಂಜಿನ್, ಗೇರ್ ಬಾಕ್ಸ್ ಪೂರ್ತಿ ಬ್ಯಾರೆ ಹಾಕಿಬಿಡೋಣ. ಒಂದೂವರೆ ಲಕ್ಷದಾಗ ಹೊಸಾ ಗಾಡಿ ಆಕ್ಕೈತಿ."

ಅವನು ಹೇಳಿದ್ದು ಹುಚ್ಚು ಮಾತೇನಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸರಣಿ 3 ಎಂಬ ಕಾರೇ ನಮ್ಮ ಅಂಬಾಸಿಡರ್ ಆಗಿದ್ದು. ಕೋಲ್ಕತ್ತದ ಹತ್ತಿರದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ಅದನ್ನು ತಯಾರಿಸಿದರು. ಹೊರಗಿನ ಆಕಾರ ಹೆಚ್ಚೇನೂ ಬದಲಾಗದಿದ್ದರೂ ಒಳಗಿನದು ಬದಲಾಗಿದೆ. ನಮ್ಮದರಲ್ಲಿರುವುದು 1489 ಸಿಸಿಯ ಬಿ ಸೀರೀಸ್ ಪೆಟ್ರೋಲ್ ಇಂಜಿನ್, ಸ್ಟೀರಿಂಗ್ ಪಕ್ಕದ ಲಿವರಿನ ನಾಲ್ಕು ಗೇರು. ಇದೇ ಇಂಜಿನ್ನಿನ ಒಡಹುಟ್ಟಿದ್ದು ಇಂಗ್ಲೆಂಡಿನಲ್ಲಿ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲಿತ್ತು ಎಂದರೆ ನಂಬುವುದು ಕಷ್ಟ. 1990ರ ದಶಕದಲ್ಲಿ ಅಂಬಾಸಿಡರಿಗೆ ಇಸುಜು ಇಂಜಿನ್ನು, ಐದು ಗೇರು ಬಂದವು. ಎಷ್ಟೋ ಜನ ಹಳೆಯ ಗಾಡಿಗೆ ಅದನ್ನೇ ಹಾಕಿಸಿಕೊಂಡಿದ್ದಾರೆ. ಆದರೆ ಹಾಗೆ ಮಾಡಿದರೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಇಂಜಿನ್ ನಂಬರ್ ತಿದ್ದಿಸಬೇಕು.

ತಮ್ಮ ಇನ್ನೊಂದು ದಾರಿ ತೋರಿಸಿದ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂದಿದೆ. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ 'ವಿಎ' ಅಕ್ಷರಗಳಿರುವ ಬೇರೆ ನಂಬರ್ ಪ್ಲೇಟ್ ಸಿಗುತ್ತದೆ. ನಮ್ಮದಕ್ಕೆ ಐವತ್ತೊಂದು. "ವಿಂಟೇಜ್ ಮಾಡಿಸಿಬಿಡೋಣ, ಅಪ್ಪಗ ಖುಷಿ ಆಕ್ಕೈತಿ" ಎಂದ. ಆದರೆ ಆ ಪ್ಲೇಟ್ ಹಾಕಿಸಿದ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವ ಹಾಗಿಲ್ಲ. ರ‍್ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಮಾತ್ರ. ಅಪ್ಪ ಪೇಪರ್ ಮಡಚುತ್ತಾ ಒಂದೇ ಮಾತು ಹೇಳಿದರು: "ಹಂಗಾದ್ರ ಅದು ಕಾರಲ್ಲಪ್ಪ, ಫೋಟೋ. ಗೋಡಿಗೆ ಹಾಕ್ರಿ."

ಅಷ್ಟು ಬಿಟ್ಟರೆ ಅಪ್ಪ ಏನೂ ಮಾತಾಡಲಿಲ್ಲ. ನಾವೂ ಏನೂ ಕೇಳಲಿಲ್ಲ. ಹುಡುಗ ಸೆಲ್ಫನ್ನು ಬಿಚ್ಚಿಕೊಟ್ಟ. ಅದರಂಥದ್ದೇ ಇನ್ನೊಂದು ಎಲ್ಲಾದರೂ ಸಿಗಬಹುದು ಎಂದು ಅದನ್ನು ಗೋಣಿಚೀಲದಲ್ಲಿ ಸುತ್ತಿ, ಮರುದಿನ ಬೆಳಿಗ್ಗೆ ನನ್ನ ಕಾರಿನಲ್ಲಿ ಹೊರಟೆ.

ಹೊರಡುವ ಮೊದಲು ಡ್ಯಾಮಿನ ಕಡೆ ಒಂದು ಸುತ್ತು ಹಾಕಿದೆ. ಊರಿಗೆ ಬಂದಾಗಲೆಲ್ಲ ಅದು ರೂಢಿ. 1953ರಿಂದ ನೀರು ನಿಲ್ಲಿಸಿಕೊಂಡು ನಿಂತಿರುವ ಕಲ್ಲಿನ ಗೋಡೆ, ಸಾಲಾಗಿ 33 ಗೇಟುಗಳು. ಆ ವರ್ಷ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಹೋಗಿದ್ದು ನಿಮಗೆ ನೆನಪಿರಬಹುದು. ತುಂಬಿದ ಅಣೆಕಟ್ಟಿನ ನೀರು ಹರಿದುಹೋಗುವುದನ್ನು ನೋಡಿ ನಾಲ್ಕು ಜಿಲ್ಲೆಯ ರೈತರ ಎದೆ ಒಡೆದಿತ್ತು. ಎಪ್ಪತ್ತು ವರ್ಷದ ಹಳೆಯ ಗೇಟಿಗೆ ಅಂಗಡಿಯಲ್ಲಿ ಸಿದ್ಧ ಬದಲಿ ಸಿಗುತ್ತದೆಯೇ? ಗೇಟುಗಳ ಕೆಲಸದಲ್ಲಿ ಪಳಗಿದ ಹಿರಿಯ ಕನ್ನಯ್ಯ ನಾಯ್ಡು ಬಂದು, ಅಳತೆಗೆ ಸರಿಯಾಗಿ ಕಬ್ಬಿಣದ ಅಡ್ಡಗೋಡೆಯ ತುಂಡುಗಳನ್ನು ಮಾಡಿಸಿ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿದರು. ಒಂದು ವಾರದಲ್ಲಿ ನೀರು ನಿಂತಿತು. ಆಮೇಲೆ ಮಳೆಯೂ ಕೈಹಿಡಿದು ಡ್ಯಾಮು ಮತ್ತೆ ತುಂಬಿತು. ಆ ಹತ್ತೊಂಬತ್ತನೇ ಗೇಟಿನ ಜಾಗ ನೋಡುತ್ತಾ ಡಿಕ್ಕಿಯಲ್ಲಿದ್ದ ಗೋಣಿಚೀಲ ನೆನೆಸಿಕೊಂಡೆ. ಅಷ್ಟು ದೊಡ್ಡದಕ್ಕೇ ಬದಲಿ ಆಯಿತಂತೆ, ಇದೆಷ್ಟರದ್ದು ಅಂತ ಧೈರ್ಯ ಬಂತು.

ಹೊಸಪೇಟೆಯಿಂದ ಸಂಡೂರಿಗೆ ಮೂವತ್ತು ಕಿಲೋಮೀಟರ್ ಆಸುಪಾಸು. ಈಗ ಹೊಸಪೇಟೆ ವಿಜಯನಗರ ಜಿಲ್ಲೆಗೆ ಸೇರಿ, ಸಂಡೂರು ಬಳ್ಳಾರಿ ಜಿಲ್ಲೆಯಲ್ಲೇ ಉಳಿದು ನಡುವೆ ಗೆರೆ ಬಿದ್ದಿದೆ. ಆದರೆ ಕೆಂಪು ಧೂಳಿಗೆ ಆ ಗೆರೆ ಗೊತ್ತಿಲ್ಲ. ಗುಡ್ಡಗಳು ಎರಡೂ ಕಡೆಯಿಂದ ಹತ್ತಿರ ಬಂದು ಬೊಗಸೆ ಹಿಡಿದ ಹಾಗೆ ಊರನ್ನು ಹಿಡಿದಿವೆ. ಮಳೆಗಾಲ ಮುಗಿದ ಹೊಸತು, ಗುಡ್ಡಗಳು ಮೇಲೆ ಹಸಿರು, ಕೊರೆದ ಕಡೆ ಕೆಂಪು. ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಊರು ಇದು. ಆ ಮನೆಯ ಎಂ.ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯಾಗಿದ್ದರು, ಕಪ್ಪು ಬಿಳುಪಿನಲ್ಲಿ ಕಾಡುಪ್ರಾಣಿಗಳ ಚಿತ್ರ ತೆಗೆದು ಹೆಸರಾದರು. ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೂ ಸಂಡೂರಿನ ಹೆಸರೇ ಇದೆ. ಆದರೆ ರಸ್ತೆಯಲ್ಲಿ ಎದುರಾಗುವುದು ಅದಿರಿನ ಲಾರಿಗಳು.

ಅಪ್ಪನಿಗೆ ಕಾರು ಮಾರಿದ ಅಧಿಕಾರಿಯ ಕಾಲದಲ್ಲಿ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರೊಬ್ಬರು ಇನ್ನೂ ಇದ್ದಾರೆ ಎಂದು ಒಂದು ಗುಜರಿ ಅಂಗಡಿಯವರು ಹೇಳಿದರು. ಹುಡುಕಿಕೊಂಡು ಹೋದೆ. ಎಪ್ಪತ್ತೈದರ ಮೇಲಿರಬಹುದು. ಮನೆಯ ಪಕ್ಕದ ತಗಡಿನ ಚಪ್ಪರದ ಕೆಳಗೆ ಮಂಚ, ಮಂಚದ ಕೆಳಗೆ, ಸುತ್ತಮುತ್ತ ಬರೀ ಕಬ್ಬಿಣ. "ಕೂತ್ಕೋ ತಂಗಿ, ಮೊದ್ಲು ನೀರು ಕುಡಿ" ಎಂದರು. ನಾನು ಚೀಲ ಬಿಚ್ಚಿದೆ.

"ಇದರಂಥದ್ದು ಬೇಕಾಗಿತ್ರಿ."

ಅವರು ಸೆಲ್ಫನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಮೂಲೆಯ ರಾಶಿಯಿಂದ ಇನ್ನೂ ಮೂರು ತಂದು ಪಕ್ಕದಲ್ಲಿ ಇಟ್ಟರು. ನನ್ನ ಕಣ್ಣಿಗೆ ನಾಲ್ಕೂ ಒಂದೇ. "ಒಂದ ಅಲ್ಲ. ನೋಡು" ಎಂದು ಶುರು ಮಾಡಿದರು. ಅವತ್ತು ಅವರು ಹೇಳಿಕೊಟ್ಟದ್ದನ್ನು ನಾನು ಫೋನಿನಲ್ಲಿ ಬರೆದುಕೊಂಡೆ, ನಿಮಗೂ ಹೇಳುತ್ತೇನೆ. ಮೊದಲು ನೋಡಬೇಕಾದ್ದು ಕಿವಿ, ಅಂದರೆ ಬೋಲ್ಟ್ ಕೂರುವ ತೂತುಗಳು. ಎಷ್ಟು ತೂತು, ನಡುವೆ ಎಷ್ಟು ದೂರ. ಎರಡನೆಯದು, ಮುಂದಿನ ದುಂಡು ಭಾಗ ಗಾಡಿಯ ತೂತಿನಲ್ಲಿ ಅಲ್ಲಾಡದೆ ಕೂರಬೇಕು. ಮೂರನೆಯದು ಬೆಂಡಿಕ್ಸಿನ ಸಣ್ಣ ಗಾಲಿಯ ಹಲ್ಲು. ಎಣಿಸಿದರೆ ಸಾಲದು, ಹಲ್ಲಿನ ದಪ್ಪವೂ ಒಂದೇ ಇರಬೇಕು. ನಾಲ್ಕನೆಯದು ತಿರುಗುವ ದಿಕ್ಕು. ಐದನೆಯದು, ಕಿವಿಯಿಂದ ಆ ಗಾಲಿ ಎಷ್ಟು ದೂರದಲ್ಲಿ ಕೂತಿರುತ್ತದೆ ಎಂಬುದು. ಹತ್ತಿರವಿದ್ದರೆ ಸದಾ ಉಜ್ಜುತ್ತದೆ, ದೂರವಿದ್ದರೆ ಮುಟ್ಟುವುದೇ ಇಲ್ಲ. ಆ ಮೂರರಲ್ಲಿ ಒಂದಕ್ಕೆ ಹಲ್ಲು ಒಂದು ಹೆಚ್ಚು, ಇನ್ನೊಂದರ ಕಿವಿ ಬೇರೆ. ಮೂರನೆಯದು ಎಲ್ಲದರಲ್ಲೂ ಸರಿ ಬಂತು, ಬ್ಯಾಟರಿ ಕೊಟ್ಟರೆ ಎದುರು ದಿಕ್ಕಿಗೆ ತಿರುಗಿತು.

"ಹಳೇ ಗಾಡಿಗಳಾಗ ಬ್ಯಾಟರಿ ಪ್ಲಸ್ಸನ್ನ ಬಾಡಿಗೆ ಕೊಡ್ತಿದ್ರಂತಲ್ರಿ, ವೈರ್ ಅದಲುಬದಲು ಮಾಡಿದ್ರ ಸರಿ ತಿರುಗಂಗಿಲ್ಲೇನ್ರಿ?" ಎಂದು ನನ್ನ ಜಾಣತನ ತೋರಿಸಿದೆ.

ಅವರು ನಕ್ಕು, ವೈರ್ ಬದಲಿಸಿ ಮತ್ತೆ ಮುಟ್ಟಿಸಿದರು. ಮೋಟಾರು ಅದೇ ದಿಕ್ಕಿಗೇ ತಿರುಗಿತು! ಒಳಗಿನ ಕಾಯಿಲ್ಲೂ, ತಿರುಗುವ ಆರ್ಮೇಚರೂ ಎರಡೂ ಒಟ್ಟಿಗೆ ಉಲ್ಟಾ ಆಗುವುದರಿಂದ ದಿಕ್ಕು ಬದಲಾಗುವುದಿಲ್ಲವಂತೆ. "ಗಂಡ ಹೆಂಡ್ತಿ ಇಬ್ರೂ ಒಮ್ಮೆಲೇ ಸಿಟ್ಟಾದ್ರ ಮನಿ ನಡೆಯೋದು ಹಂಗ ನಡೀತೈತಿ" ಎಂದರು. ಒಳಗಿದ್ದ ಅಜ್ಜಿ ಅಲ್ಲಿಂದಲೇ ಏನೋ ಗೊಣಗಿದಳು.

ಆಮೇಲೆ ನಮ್ಮ ಸೆಲ್ಫಿನ ಸರದಿ. ನೆಲದ ಮೇಲೆ ಇಟ್ಟು ಕಾಲಿನಿಂದ ಒತ್ತಿ ಹಿಡಿದು ವೈರ್ ಮುಟ್ಟಿಸಿದರು. ಅದು ಗಕ್ಕನೆ ಎದ್ದು, ಸಣ್ಣ ಗಾಲಿ ಸುರುಳಿಯ ಮೇಲೆ ಸರ್ರನೆ ಮುಂದೆ ಓಡಿ ಟಕ್ ಎಂದಿತು. ಈ ಹಳೆಯ ಸೆಲ್ಫಿನಲ್ಲಿ ಗಾಲಿಯನ್ನು ಯಾರೂ ದೂಡುವುದಿಲ್ಲ. ಮೋಟಾರು ಒಮ್ಮೆಲೇ ವೇಗ ಹಿಡಿದಾಗ ಗಾಲಿ ಹಿಂದುಳಿದು, ಸ್ಕ್ರೂ ಮೇಲಿನ ನಟ್ಟಿನ ಹಾಗೆ ತಾನಾಗಿ ಮುಂದೆ ಹೋಗಿ ಇಂಜಿನ್ನಿನ ದೊಡ್ಡ ಚಕ್ರದ ಹಲ್ಲು ಹಿಡಿಯುತ್ತದೆ. ಇಂಜಿನ್ ಹತ್ತಿಕೊಂಡ ಕೂಡಲೇ ಅದೇ ಚಕ್ರ ಇದನ್ನು ವಾಪಸ್ ಒಗೆಯುತ್ತದೆ. ಬ್ಯಾಟರಿ ತೆಗೆದು ಅವರು ನನ್ನ ಮುಖ ನೋಡಿದರು.

"ತಂಗಿ, ಇದು ಸತ್ತಿಲ್ಲ. ಇದಕ್ಕ ಬದಲಿ ಯಾಕ ಹುಡುಕಾಕ ಹತ್ತೀಯ?"

ನಾನು ತಬ್ಬಿಬ್ಬಾದೆ. ಅವರು ಗಾಲಿಯ ಹಲ್ಲಿನ ಅಂಚು ತೋರಿಸಿದರು. ತುದಿ ಮಾತ್ರ ಜಜ್ಜಿತ್ತು. "ಇದು ತಾನು ಸವೆದಿದ್ದಲ್ಲ. ಎದುರಿನ ಹಲ್ಲಿಗೆ ಹಾಯ್ದು ಹಾಯ್ದು ಆಗಿದ್ದು. ನಿಮ್ಮ ರಿಂಗ್ ಗೇರ್ ನೋಡ್ಬೇಕು. ಗಾಡಿ ಒಂದ್ ಗೇಣು ದೂಡಿದ್ರ ಸ್ಟಾರ್ಟ್ ಆಗತಿತ್ತೇನು? ಮಾಸ್ತರ್ರನ್ನ ಕೇಳೀರೇನು?"

ಮಾಸ್ತರ್ರನ್ನು ನಾವು ಕೇಳಿರಲಿಲ್ಲ. ಅಲ್ಲಿಂದಲೇ ಫೋನ್ ಮಾಡಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೌದವ್ವಾ. ಹತ್ತು ವರ್ಷದಿಂದ ಹಂಗ ಐತಿ. ಟಾಪ್ ಗೇರ್ ಹಾಕಿ ಒಂದೀಟು ಮುಂದಕ್ಕ ಸರಿಸಿದ್ರ ಹಿಡೀತೈತಿ. ಅದಕ್ಕ ಇಳಿಜಾರಿಗೆ ನಿಲ್ಲಿಸ್ತಿದ್ದೆ" ಎಂದರು.

"ಮತ್ತ ಯಾಕ ಹೇಳ್ಲಿಲ್ಲಪ್ಪ?"

"ನೀವು ಕೇಳಿದ್ರೇನು? ಎಲ್ಲಾರೂ ಹೊಸಾದು ಹಾಕೋ ಮಾತಾಡಾಕ ಹತ್ತಿದ್ರಿ. ನನ್ನ ಸುದ್ದಿ ಯಾರಿಗೆ ಬೇಕಾಗಿತ್ತು."

ಸಿಟ್ಟಿನಿಂದ ಹೇಳಿದ್ದಲ್ಲ. ಅದೇ ನನಗೆ ಹೆಚ್ಚು ತಾಗಿತು. ಒಂದೂವರೆ ಲಕ್ಷದ ಮಾತಾಡುವಾಗ, ವಿಂಟೇಜ್ ಪ್ಲೇಟಿನ ಮಾತಾಡುವಾಗ ಅವರು ಅಲ್ಲೇ ಪೇಪರ್ ಓದುತ್ತಾ ಕೂತಿದ್ದರು. ಅಷ್ಟು ವರ್ಷ ಅದನ್ನು ಓಡಿಸಿದವರು ಮನೆಯಲ್ಲೇ ಇದ್ದರೂ ನಾನು ಮೂವತ್ತು ಕಿಲೋಮೀಟರ್ ಆಚೆ ಬಂದು ಕೇಳುತ್ತಿದ್ದೆ.

ಫಿಟ್ಟರ್ ಅಜ್ಜ ಅದನ್ನು ಬಿಡಿಸಿ ಹೇಳಿದರು. ನಾಲ್ಕು ಸಿಲಿಂಡರಿನ ಇಂಜಿನ್ ಆಫ್ ಮಾಡಿದಾಗ ಸಿಕ್ಕ ಸಿಕ್ಕಲ್ಲಿ ನಿಲ್ಲುವುದಿಲ್ಲ. ಅರ್ಧ ಸುತ್ತಿಗೊಮ್ಮೆ ಯಾವುದಾದರೂ ಒಂದು ಸಿಲಿಂಡರಿನಲ್ಲಿ ಗಾಳಿ ಒತ್ತಿಕೊಂಡು ತಡೆಯುತ್ತದೆ. ಕೊನೆಗೆ ಆ ತಡೆ ದಾಟಲಾರದೆ ನಿಲ್ಲುತ್ತದೆ. ಹೀಗಾಗಿ ದೊಡ್ಡ ಚಕ್ರದ ಸುತ್ತ ಎದುರುಬದುರಾದ ಎರಡೇ ಜಾಗದಲ್ಲಿ ಸೆಲ್ಫಿನ ಮೊದಲ ಏಟು ಬೀಳುತ್ತದೆ. ಐವತ್ತು ವರ್ಷ ಅದೇ ಹಲ್ಲುಗಳೇ ಏಟು ತಿಂದಿವೆ. ಉಳಿದವು ಹೊಸದರ ಹಾಗೇ ಇರುತ್ತವೆ. "ರಿಂಗನ್ನ ಕಾಸಿ ಬಿಚ್ಚಿ ಕಾಲು ಸುತ್ತು ತಿರುವಿ ಹಾಕಿಸು. ಏಟು ತಿನ್ನೋ ಜಾಗಕ್ಕ ಒಳ್ಳೇ ಹಲ್ಲು ಬರ್ತಾವ. ಇನ್ನೊಂದು ಐವತ್ತು ವರ್ಷ ಹೋಗ್ತೈತಿ. ಕಂಪ್ಲ್ಯಾಗ ಲೇತಿನವ್ರು ಅದಾರ, ಅಲ್ಲಿ ಮಾಡ್ತಾರ."

ಗೇರ್ ಬಾಕ್ಸಿನ ಮಾತು ತೆಗೆದೆ. ಅವರು ಮಂಚದ ಕೆಳಗಿನಿಂದ ಎಣ್ಣೆ ಬಟ್ಟೆ ಸುತ್ತಿದ್ದ ಒಂದನ್ನು ಎಳೆದರು. ಗಣಿಯವರ ಅಂಬಾಸಿಡರಿನದು. ಅದು ಹೇಗೆ ಇವರ ಮಂಚದ ಕೆಳಗೆ ಬಂತು ಎಂಬುದಕ್ಕೂ ಒಂದು ಕಥೆ ಇತ್ತು. ಅದಿರಿಗೆ ಬಂಗಾರದ ಬೆಲೆ ಬಂದಾಗ ಸಂಡೂರಿನಲ್ಲಿ ಹಳೆಯ ಗಾಡಿ ಯಾರಿಗೂ ಬೇಡವಾಯಿತು. ಸಾಲ ಮಾಡಿ ಲಾರಿ ಕೊಂಡವರೇ ಎಲ್ಲ. ಅವರ ಮಗನೂ ಎರಡು ಕೊಂಡ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಷರತ್ತು ಹಾಕಿ ಮತ್ತೆ ಶುರುವಾಗುವ ಹೊತ್ತಿಗೆ ಆ ಎರಡೂ ಲಾರಿ ಸಾಲಕ್ಕೆ ಹೋಗಿದ್ದವು. ಮಗ ಈಗ ಬೇರೆ ಊರಿನಲ್ಲಿ ಡ್ರೈವರ್. "ಆಗ ಗುಜರಿಗೆ ಬಂದಿದ್ದನ್ನೆಲ್ಲ ತೂಕದ ಮ್ಯಾಲೆ ತಗೊಂಡೆ. ಕಬ್ಬಿಣಕ್ಕ ಕಬ್ಬಿಣದ ರೇಟು. ಯಾರಿಗಾರ ಬೇಕಾಗ್ತೈತಿ ಅಂತ" ಎಂದರು. ಆರು ಸಾವಿರ ಕೇಳಿದರು. ನಾನು ಚೌಕಾಸಿ ಮಾಡಲಿಲ್ಲ. ಬರುವಾಗ ಒಂದು ಮಾತು ಹೇಳಿ ಕಳಿಸಿದರು: "ನಿಮ್ಮ ಗಾಡಿದು ಕ್ಲಚ್ ಪ್ಲೇಟ್ ಬಿಚ್ಚಿದ ಮ್ಯಾಲೆ ಇದರ ಶಾಫ್ಟಿಗೆ ಹಾಕಿ ನೋಡ್ರಿ. ಕೈಯಿಂದ ಸಲೀಸಾಗಿ ಜಾರಬೇಕು, ಅಲ್ಲಾಡಬಾರದು. ಶಾಫ್ಟಿನ ಮೂಗು ಇಂಜಿನ್ ಕಡೆ ಬುಷ್‌ನಾಗ ಕೂಡಬೇಕು. ಈ ಎರಡು ಕೂಡಿದ್ರ ಎಂಟಾಣೆ ಕೆಲಸ ಮುಗಿದಂಗ."

ಮರುದಿನ ಮನೆಯ ಶೆಡ್ಡಿನಲ್ಲಿ ಹುಡುಗ ಗೇರ್ ಬಾಕ್ಸ್ ಇಳಿಸಿದ. ಅಪ್ಪ ಕುರ್ಚಿ ಹಾಕಿಕೊಂಡು ಕೂತರು. ಟಾರ್ಚ್ ಬಿಟ್ಟು ನೋಡಿದರೆ ಅಜ್ಜ ಹೇಳಿದ್ದೇ: ಎರಡು ಕಡೆ ನಾಲ್ಕೈದು ಹಲ್ಲುಗಳ ಅಂಚು ಇಲಿ ತಿಂದ ಹಾಗೆ, ಉಳಿದದ್ದೆಲ್ಲ ಸರಿ. ಹುಡುಗ ತಲೆ ಕೆರೆದುಕೊಂಡ. "ನಾನು ಇಂಥಾದ್ದು ನೋಡಿದ್ದಿಲ್ಲಕ್ಕಾ. ಈಗಿನ ಗಾಡ್ಯಾಗ ಸೆಲ್ಫ್ ಹೋದ್ರ ಸೆಲ್ಫ್ ಬದಲಿ ಮಾಡ್ತೀವಿ, ಅಷ್ಟ." ಕ್ಲಚ್ ಪ್ಲೇಟನ್ನು ಸಂಡೂರಿನ ಗೇರ್ ಬಾಕ್ಸಿನ ಶಾಫ್ಟಿಗೆ ಹಾಕಿದ. ಜಾರಿ ಒಳಗೆ ಹೋಯಿತು. ಅಪ್ಪ ಕುರ್ಚಿಯಿಂದಲೇ, "ಲಿವರ್ ಕಡೇ ಸಾಮಾನು ನಮ್ಮದ ಇರಲಿ. ಅದು ನನ್ನ ಕೈಗೆ ಹೊಂದ್ಕೊಂಡೈತಿ" ಎಂದರು. ಹಾಗೆಯೇ ಆಯಿತು.

ಫ್ಲೈವೀಲ್ ಬಿಚ್ಚಿಕೊಂಡು ನಾನು, ಹುಡುಗ ಕಂಪ್ಲಿಗೆ ಹೊರಟೆವು. ಇದು ಸಂಡೂರಿನ ದಾರಿಯ ತದ್ವಿರುದ್ಧ. ಕಮಲಾಪುರ ದಾಟಿದ ಮೇಲೆ ಎಲ್ಲಿ ನೋಡಿದರೂ ಬಾಳೆ, ಕಬ್ಬು, ಗದ್ದೆ. ವಿಜಯನಗರದ ಅರಸರು ತೆಗೆಸಿದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತಿದೆ. ಹಂಪಿ ನೋಡಲು ಬರುವವರು ಕಲ್ಲು ನೋಡಿ ಹೋಗುತ್ತಾರೆ, ಈ ನೀರನ್ನು ನೋಡುವುದಿಲ್ಲ. ಸಾಧ್ಯವಾದರೆ ಒಂದು ಬೆಳಿಗ್ಗೆ ಈ ರಸ್ತೆಯಲ್ಲಿ ಹೋಗಿ ಬನ್ನಿ. ಕಂಪ್ಲಿ ಗಂಡುಗಲಿ ಕುಮಾರರಾಮನ ಊರು, ವಿಜಯನಗರಕ್ಕೂ ಮೊದಲಿನ ಹೆಸರು. ಕೋಟೆಯ ಪಕ್ಕದಲ್ಲಿ ತುಂಗಭದ್ರೆ. ಡ್ಯಾಮಿನಿಂದ ನೀರು ಬಿಟ್ಟಾಗ ಗಂಗಾವತಿ ಕಡೆಗಿನ ಸೇತುವೆ ಮುಳುಗಿ ಸುದ್ದಿಯಾಗುತ್ತದೆ. ನಾವು ಹೋದಾಗ ಹೊಳೆ ಶಾಂತವಾಗಿತ್ತು.

ಲೇತಿನ ಅಂಗಡಿಯಲ್ಲಿ ಅಕ್ಕಿ ಗಿರಣಿಯ ಶಾಫ್ಟುಗಳು, ಟ್ರ್ಯಾಕ್ಟರಿನ ಸಾಮಾನು ರಾಶಿ ಬಿದ್ದಿದ್ದವು. ಮಾಲೀಕರು ಫ್ಲೈವೀಲ್ ನೋಡಿ ಚಹಾ ತರಿಸಿದರು. ಮೊದಲು ರಿಂಗಿನ ಮೇಲೂ ಚಕ್ರದ ಮೇಲೂ ಚಿಸೆಲ್ಲಿನಿಂದ ಗುರುತು ಹಾಕಿದರು. ಆಮೇಲೆ ಗ್ಯಾಸಿನ ಉರಿಯನ್ನು ಒಂದೇ ಕಡೆ ನಿಲ್ಲಿಸದೆ ರಿಂಗಿನ ಸುತ್ತ ಆಡಿಸುತ್ತಾ ಹೋದರು. ಬಿಸಿಯಾದ ಕಬ್ಬಿಣ ಹಿಗ್ಗುತ್ತದೆ, ಕೂದಲೆಳೆಯಷ್ಟು ಸಡಿಲಾದರೂ ಸಾಕು. ಬಣ್ಣ ನೋಡುತ್ತಾ ಇರಬೇಕು. ಮೊದಲು ಗೋಧಿಯ ಬಣ್ಣ, ಆಮೇಲೆ ನೇರಳೆ, ಆಮೇಲೆ ತಿಳಿ ನೀಲಿ. "ಅಲ್ಲಿಗೆ ನಿಲ್ಲಿಸಬೇಕು. ಕೆಂಪಾತು ಅಂದ್ರ ಹಲ್ಲಿನ ಗಟ್ಟಿತನ ಹೋಗ್ತೈತಿ, ಬೆಣ್ಣಿ ಆಕ್ಕೈತಿ" ಎಂದರು. ನಾಲ್ಕು ಕಡೆ ಮೆಲ್ಲಗೆ ಬಡಿದರು. ಐವತ್ತೊಂದು ವರ್ಷ ಕಚ್ಚಿಕೊಂಡಿದ್ದ ರಿಂಗು ಠಣ್ ಎಂದು ಬಿಟ್ಟುಬಂತು.

ಜಜ್ಜಿದ ಹಲ್ಲುಗಳ ಅಂಚನ್ನು ಅರದಿಂದ ಉಜ್ಜಿ ಸರಿಮಾಡಿದರು. ಮಗ್ಗುಲು ಬದಲಿಸಿ ಹಾಕಬಹುದಲ್ಲ ಎಂದು ಹುಡುಗ ಕೇಳಿದ. ಅವರು ಹಲ್ಲಿನ ಒಂದು ಕಡೆ ಓರೆಯಾಗಿ ತೆಗೆದಿದ್ದನ್ನು ತೋರಿಸಿದರು. ಸೆಲ್ಫಿನ ಗಾಲಿ ಬರುವ ದಿಕ್ಕಿಗೇ ಆ ಓರೆ ಇರಬೇಕು, ಮಗುಚಿ ಹಾಕಿದರೆ ಮತ್ತೆ ಅದೇ ಕರ್ರ್. ಹುಡುಗ ಫೋನ್ ತೆಗೆದು ಫೋಟೋ ಹೊಡೆದುಕೊಂಡ. ರಿಂಗನ್ನು ಮತ್ತೆ ಕಾಸಿ, ಗುರುತಿನಿಂದ ಸರಿಯಾಗಿ ಕಾಲು ಸುತ್ತು ತಿರುವಿ ಕೂರಿಸಿದರು. ನೀರು ಹಾಕಲಿಲ್ಲ, ತಾನಾಗಿ ಆರಲು ಬಿಟ್ಟರು. 'ಟಿಕ್ ಟಿಕ್' ಎನ್ನುತ್ತಾ ಅದು ಬಿಗಿಯಾಗುವುದನ್ನು ಕೇಳುತ್ತಾ ನಾವು ಎರಡನೇ ಚಹಾ ಕುಡಿದೆವು.

ಕಾರನ್ನು ಜೋಡಿಸಲು ಇನ್ನೆರಡು ದಿನ ಹಿಡಿಯಿತು. ಆ ಎರಡು ದಿನ ಹುಡುಗ ನನ್ನನ್ನು ಕೇಳಿದ್ದಕ್ಕಿಂತ ಅಪ್ಪನನ್ನು ಕೇಳಿದ್ದೇ ಹೆಚ್ಚು. "ಮಾಸ್ತರ್ರ, ಈ ಸ್ಪ್ರಿಂಗ್ ಯಾ ಕಡೆ?" "ಮಾಸ್ತರ್ರ, ಇದಕ್ಕ ಎಷ್ಟು ಪ್ಲೇ ಬಿಡ್ಲಿ?" ಅಪ್ಪ ಡ್ರಾಯರಿನಿಂದ ಒಂದು ಹಳೆಯ ನೋಟ್‌ಬುಕ್ ತೆಗೆದರು. 1986ರಿಂದ ಹಾಕಿದ ಒಂದೊಂದು ಬೋಲ್ಟಿನ ಲೆಕ್ಕವೂ ಅದರಲ್ಲಿತ್ತು. 2014ರ ಒಂದು ಪುಟದಲ್ಲಿ ಅವರ ದುಂಡು ಅಕ್ಷರದಲ್ಲಿ, 'ಸೆಲ್ಫ್ ಕೆಲವು ಸಲ ಹಿಡಿಯುತ್ತಿಲ್ಲ, ಫ್ಲೈವೀಲ್ ಹಲ್ಲು ನೋಡಿಸಬೇಕು' ಎಂದು ಬರೆದಿತ್ತು. ನಾನು ಅದನ್ನು ಎರಡು ಸಲ ಓದಿದೆ.

ಫಲಪೂಜೆಯ ದಿನ ಅವ್ವ ಇಳಕಲ್ ಸೀರೆ ಉಟ್ಟು ಬಂದು, ಮೊದಲು ಕೂತು, ಆಮೇಲೆ ಕಾಲು ಒಳಗೆ ತಗೊಂಡಳು. ಯಾರೂ ಹಿಡಿಯಲಿಲ್ಲ. ಸ್ಟೀರಿಂಗ್ ಹಿಂದೆ ನಾನು, ಪಕ್ಕದಲ್ಲಿ ಅಪ್ಪ. ಸಪಾಟಾದ ಶೆಡ್ಡಿನಲ್ಲೇ ನಿಂತಿತ್ತು ಕಾರು. ನಾನು ಕೀಲಿಗೆ ಕೈ ಹಾಕಲಿಲ್ಲ, ಅಪ್ಪನ ಕಡೆ ನೋಡಿದೆ. ಅವರು ಕೈ ಚಾಚಿ ತಿರುವಿದರು. ಒಂದೇ ಏಟಿಗೆ ಇಂಜಿನ್ ಹತ್ತಿಕೊಂಡಿತು. ಅಪ್ಪ ಕೀಲಿ ಆಫ್ ಮಾಡಿ, ಮತ್ತೊಮ್ಮೆ ತಿರುವಿದರು. ಮತ್ತೆ ಹತ್ತಿತು. "ಸಾಕು ಬಿಡ್ರಿ, ಬ್ಯಾಟರಿ ಹೋದೀತು" ಎಂದು ಹಿಂದಿನಿಂದ ಅವ್ವ.

ವಿರೂಪಾಕ್ಷನ ಗುಡಿಯಲ್ಲಿ ಪೂಜೆ ಮುಗಿದ ಮೇಲೆ, ಬಂದಿದ್ದೀವಿ ಅಂತ ವಿಠ್ಠಲ ಗುಡಿಗೂ ಹೋದೆವು. ಅಲ್ಲಿ ಕಾರು ದೂರ ನಿಲ್ಲಿಸಿ ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ಕಲ್ಲಿನ ರಥದ ಮುಂದೆ ಎಂದಿನ ಹಾಗೆ ಜನ ಐವತ್ತು ರೂಪಾಯಿ ನೋಟು ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು ಆನೆಗಳ ಹಿಂದೆ ನೋಡಲು ಹೇಳಿದರು. ಈ ಎರಡು ಆನೆಗಳು ಮೊದಲಿನಿಂದ ಇದ್ದವಲ್ಲ. ರಥಕ್ಕೆ ಮೊದಲು ಕುದುರೆಗಳಿದ್ದವು. ಅವು ಹೋದ ಮೇಲೆ ಬೇರೆ ಎಲ್ಲಿಂದಲೋ ತಂದ ಆನೆಗಳನ್ನು ಇಟ್ಟಿದ್ದಾರೆ. ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲ ಇನ್ನೂ ಕಾಣುತ್ತವೆ. ರಥದ ಮೇಲಿದ್ದ ಇಟ್ಟಿಗೆಯ ಗೋಪುರವೂ ಈಗಿಲ್ಲ. 1856ರಲ್ಲಿ ಗ್ರೀನ್ಲಾ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ ತೆಗೆದ ಫೋಟೋದಲ್ಲಿ ಅದು ಇದೆ. ಎಷ್ಟು ಸಲ ಇಲ್ಲಿಗೆ ಬಂದಿದ್ದೇನೋ, ಆ ಬಾಲವನ್ನು ನಾನು ನೋಡಿಯೇ ಇರಲಿಲ್ಲ.

"ನಾಕನೇ ಕ್ಲಾಸಿನಾಗ ನಿನಗ ತೋರಿಸಿದ್ದೆ. ನೀನು ಐಸ್‌ಕ್ಯಾಂಡಿ ಬೇಕಂತ ಅಳಾಕ ಹತ್ತಿದ್ದಿ" ಎಂದರು ಅಪ್ಪ.

ಮನೆಯಲ್ಲಿ ಹಳೆಯ ಗಾಡಿ ಇಟ್ಟುಕೊಂಡ ಓದುಗರಿಗೆ ಎರಡು ಮಾತು. ಸೆಲ್ಫ್ ಕರ್ರ್ ಎಂದರೆ ಬದಲಿ ಹುಡುಕುವ ಮೊದಲು ಅದನ್ನು ಬಿಚ್ಚಿ ಬ್ಯಾಟರಿ ಕೊಟ್ಟು ನೋಡಿಸಿ. ತಿರುಗಿದರೆ ತಪ್ಪು ಬೇರೆ ಕಡೆ ಇದೆ. ಬದಲಿ ಕೊಳ್ಳಲೇಬೇಕಾದರೆ ಹಳೆಯದನ್ನು ಜೊತೆಗೆ ಒಯ್ದು ಪಕ್ಕದಲ್ಲಿಟ್ಟು ಹಲ್ಲು ಎಣಿಸಿ. ನಂಬರಿಗಿಂತ ಕೈಯಳತೆ ಮೇಲು. ಇದೆಲ್ಲಕ್ಕೂ ಮೊದಲು, ಆ ಗಾಡಿ ಓಡಿಸಿದವರು ಮನೆಯಲ್ಲಿದ್ದರೆ ಅವರ ಪಕ್ಕದಲ್ಲಿ ಒಂದು ಗಳಿಗೆ ಕೂತು ಕೇಳಿ.

ಸಂಜೆ ಮನೆಗೆ ಬಂದಾಗ ನಾನು ಕಾರನ್ನು ಶೆಡ್ಡಿಗೆ ತಿರುಗಿಸಿದೆ. ಅಪ್ಪ ಬೇಡವೆಂದರು. "ಇಳಿಜಾರಿಗೇ ನಿಲ್ಲಿಸವ್ವಾ."

"ಈಗ ರಿಪೇರಿ ಆಗೈತಲ್ಲಪ್ಪ?"

"ಆಗೈತಿ. ಆದ್ರೂ ಇರಲಿ."

ಮೂತಿ ಕೆಳಗೆ ಮಾಡಿ ನಿಲ್ಲಿಸಿದೆ.